ಅತ್ತೆಯ ನಳಕ್ಕೆ ಬೇರೆ ಒಲೆ

"ಅತ್ತೆಯನ್ನು ಸರ್ಕಾರಿ ಪರವಾನಗಿ ಸಮೇತ ಮನೆಗೆ ಕರೆತರುತ್ತೇನೆ" ಎಂದು ಬೀದರಿನ ಮೈಲೂರಿನ ನಮ್ಮ ಅಂಗಳದಲ್ಲಿ ನಿಂತು ಘೋಷಿಸಿದೆ. ನಾನೇನು ಸಾಮಾನ್ಯನೇ? ಸಾಲಿ ಮಾಸ್ತರ ಮನ್ಮಥಪ್ಪ! ನಾನು ಉರ್ದುವಿನಲ್ಲಿ ಅರ್ಜಿ ಬರೆದರೆ ಓದಿದ ಅಧಿಕಾರಿ ಕುರ್ಚಿ ಬಿಟ್ಟು ಏಳಬೇಕು.

ಸಂಗತಿ ಇಷ್ಟು. ಮೊಮ್ಮಗುವಿನ ಮುಖ ನೋಡುವವರೆಗೆ ಅಳಿಯನ ಮನೆಯ ನೀರು ಮುಟ್ಟುವುದಿಲ್ಲ ಎಂದು ನಮ್ಮ ಅತ್ತೆ ಗುರಮ್ಮನವರು ಆಣೆ ಮಾಡಿದ್ದರು. ನಮಗೆ ಮದುವೆಯಾಗಿ ಎಂಟು ವರ್ಷ, ಮಕ್ಕಳಿಲ್ಲ. ಅತ್ತೆ ಔರಾದಿನಿಂದ ತಂಬಿಗೆಯಲ್ಲಿ ಸ್ವಂತ ನೀರು ಹಿಡಿದು ಬರುವರು, ತಂಬಿಗೆ ಬರಿದಾಗುತ್ತಲೇ ತಿರುಗಿ ಬಸ್ಸು ಹತ್ತುವರು. ಬಸ್ಸು ಮರೆಯಾದ ಮೇಲೂ ನನ್ನ ಹೆಂಡತಿ ಶಿವಕಾಂತಾ ದಾರಿ ನೋಡುತ್ತ ನಿಂತೇ ಇರುವಳು. ರಜಾಕಾರರ ಗಲಾಟೆಯಲ್ಲಿ ಅತ್ತೆ ಸೊಲ್ಲಾಪುರದ ಶಿಬಿರ ಸೇರಿದರು. ಪೊಲೀಸ್ ಕಾರ್ಯಾಚರಣೆ ಮುಗಿದ ಮೇಲೆ ಔರಾದಿನ ತಮ್ಮನ ಮನೆಗೆ ಮರಳಿದರು. ಬೀದರಿಗೆ ಮಾತ್ರ ಬರಲಿಲ್ಲ.

"ಅವ್ವನ ಕೈಲೆ ಒಂದ್ ಸಲ ತಲಿ ಬಾಚಿಸ್ಕೋಬೇಕು ಅನಸ್ತದರಿ" ಎಂದಳು ಶಿವಕಾಂತಾ. ನನಗೆ ಉಪಾಯ ಹೊಳೆಯಿತು. ಹಿತ್ತಲಲ್ಲಿ ಬೇರೆ ಮನೆ, ಅದಕ್ಕೆ ಬೇರೆ ನಳ! ಆಗ ಅದು ಅಳಿಯನ ನೀರಲ್ಲ, ಸರ್ಕಾರದ ನೀರು.

ಮನೆ ಎದ್ದಿತು, ನಳ ಬರಲಿಲ್ಲ. ನೀರಿನ ದಫ್ತರದ ಗುಮಾಸ್ತ ಶರಫೋದ್ದೀನ ಸಾಹೇಬರು ನನ್ನ ಹನ್ನೊಂದು ಪುಟದ ಅರ್ಜಿ ಓದಿ ತಲೆದೂಗಿದರು. "ಭಾಳ ಛಲೋ ಬರದೀರಿ ಮಾಸ್ತರ್. ಆದ್ರ ಹುಕೂಮತ್ ಬದಲಾಗ್ಯಾದ, ಹೊಸಾ ಸರಕಾರದ ಫಾರಂ ತುಂಬ್ರಿ." ತುಂಬಿದೆ. "ನಕ್ಷಾ ತರ್ರಿ." ತಂದೆ. "ಇದಕ್ಕ ಮೊಹರ್ ಇಲ್ಲಲ್ರಿ?" ಹೀಗೇ ಎರಡು ವರ್ಷ ಹೋಯಿತು.

"ನಾನರ ಔರಾದಿಗಿ ಹೋಗಿ ಬರ್ತೇನ್ರಿ" ಎಂದು ಶಿವಕಾಂತಾ ಕೇಳುವಳು.

"ನಳದ ಪರವಾನಗಿ ಇಲ್ದ ಹೋದ್ರ ನನ್ನ ಮಾತಿಗಿ ಏನ್ ಕಿಮ್ಮತ್ತು? ಇನ್ನೆಂಟ್ ದಿನ ತಡಿ."

ಅವಳು ಹೋಗಿ ಹಿತ್ತಲ ಮನೆಯ ನೆಲ ಸಾರಿಸುವಳು. ಯಾರೂ ಇಲ್ಲದ ಮನೆಯನ್ನು ದಿನಾ ಸಾರಿಸುವಳು. ಅದನ್ನು ನೋಡಿಯೂ ನಾನು ಹಟ ಬಿಡದೆ ಇನ್ನೊಂದು ಅರ್ಜಿ ಬರೆಯಲು ಕೂರುತ್ತಿದ್ದೆ.

ಕೊನೆಗೊಂದು ಷರತ್ತು ಉಳಿಯಿತು. "ಬ್ಯಾರೆ ಮನಿ ಅಂದ್ರ ಬ್ಯಾರೆ ಒಲಿ ಉರೀಬೇಕು. ನಾಳಿ ಬಂದು ನೋಡ್ತೇನಿ" ಎಂದರು ಸಾಹೇಬರು. ಒಲೆ ತಾನೇ? ಓಣಿಯ ಶೇವಂತಾಬಾಯಿಯನ್ನು ಕರೆದು ಹಿತ್ತಲ ಮನೆಯಲ್ಲಿ ರೊಟ್ಟಿ ಬಡಿಯಲು ಕೂರಿಸಿದೆ. ಸಾಹೇಬರು ಬಂದು "ಇವರ್ಯಾರು?" ಎಂದರು. ನಾನು ಓಣಿಗೆಲ್ಲ ಕೇಳುವಂತೆ, "ಈ ಮನಿ ಯಜಮಾನಿ ಇವರೇರಿ" ಎಂದೆ.

ಗೋಡೆಯಾಚೆ ಬಟ್ಟೆ ಒಣಹಾಕುತ್ತಿದ್ದ ಶಾಂತಾಬಾಯಿಗೆ ಅಷ್ಟೇ ಸಾಕಾಯಿತು. ಬೇರೆ ಒಲೆ, ಬೇರೆ ಯಜಮಾನಿ, ಮೇಲೆ ಮಕ್ಕಳಿಲ್ಲದ ಮಾಸ್ತರ! "ಮಾಸ್ತರ್ ಎರಡನೇದಾಕಿನ್ನ ಮಾಡ್ಕೊಂಡಾರ" ಎಂಬ ಸುದ್ದಿ ಸಂಜೆಯ ಬಸ್ಸು ಹತ್ತಿ ಔರಾದ ಮುಟ್ಟಿತು. ನನ್ನ ಅರ್ಜಿ ಎರಡು ವರ್ಷದಲ್ಲಿ ಒಂದು ಮೇಜು ದಾಟಿರಲಿಲ್ಲ.

ಮರುದಿನ ಮೊದಲ ಬಸ್ಸಿಗೆ ಅತ್ತೆ ಪ್ರತ್ಯಕ್ಷ. "ಎಲ್ಲಿದ್ದಾಳ ಆಕಿ? ಶಿವಕಾಂತಾ, ಗಂಟು ಕಟ್ಟು, ನಡಿ ಮನಿಗಿ."

ಶಿವಕಾಂತಾ ಗಂಟು ಕಟ್ಟಲಿಲ್ಲ. ಅವ್ವನ ಕೊರಳಿಗೆ ಬಿದ್ದು ನಗುತ್ತ ಅಳುತ್ತ ನಳ, ಒಲೆ, ಶೇವಂತಾಬಾಯಿ ಎಲ್ಲವನ್ನೂ ಹೇಳಿದಳು. ಬೈದು ಬೈದು ಬಾಯಿ ಒಣಗಿದ್ದ ಅತ್ತೆ ಅಲ್ಲೇ ಕುಸಿದು ಕುಳಿತು, ನಮ್ಮ ಕೊಡದಿಂದ ಚೊಂಬು ತುಂಬಿಕೊಂಡು ಗಟಗಟ ಕುಡಿದರು.

ನಾನು ಗಾಬರಿಯಾದೆ. "ಅವ್ವಾರ, ಅದು ಅಳಿಯನ ಮನಿ ನೀರ್ರಿ!"

"ಶಿಬಿರದಾಗ ಯಾರ್ಯಾರ ಕೊಡದ ನೀರು ಕುಡದು ಜೀವಾ ಉಳಿಸ್ಕೊಂಡೀನಿ. ಆ ಆಣಿ ಅಲ್ಲೇ ಬಿಟ್ಟು ಬಂದೆ" ಎಂದರು ಅತ್ತೆ. "ಕರೀಲಾರ್ದ ಹ್ಯಾಂಗ ಬರ್ಲಿ? ನೀವು ಕರೀತೀರಂತ ಎರಡು ವರ್ಷ ಹಾದಿ ನೋಡ್ದೆ. ಸರಕಾರಕ್ಕ ಅಷ್ಟು ಅರ್ಜಿ ಬರದ್ರಿ. ನನಗ 'ಬರ್ರಿ' ಅಂತ ಒಂದ್ ಕಾರ್ಡ್ ಬರೀಲಿಕ್ಕ ನಿಮಗ ಯಾವ ಪರವಾನಗಿ ಬೇಕಿತ್ರಿ?"