ಬದುಕಿರುವಾಗಲೇ ನನ್ನ ನಿಧನವಾರ್ತೆ ಹಂಚಿದ ಶೇರ್ ಬಟನ್ ಅವರಿಗೆ

ಬಂದ್ಯೋಡು, ಆಗಸ್ಟ್ 2014

ಮಾನ್ಯರಲ್ಲಿ ಮಾನ್ಯರಾದ ಶೇರ್ ಬಟನ್ ಅವರೇ,

ಬಂದ್ಯೋಡಿನ ಅಲ್ಫೋನ್ಸ್ ಮಾಡುವ ಅನಂತ ನಮಸ್ಕಾರಗಳು. ತಾವು ಕುಶಲವೆಂದು ನಂಬಿದ್ದೇನೆ. ನಾನೂ ಕುಶಲ, ಮತ್ತು ಈ ಪತ್ರ ಬರೆಯುವ ಹೊತ್ತಿಗೆ ಜೀವಂತವಾಗಿಯೂ ಇದ್ದೇನೆಂದು ಮೊದಲಿಗೇ ಅರಿಕೆ ಮಾಡಿಕೊಳ್ಳುತ್ತೇನೆ, ಏಕೆಂದರೆ ಈ ವಿಷಯದಲ್ಲಿ ತಮ್ಮ ಅಭಿಪ್ರಾಯ ಬೇರೆಯಾಗಿದೆ.

ವಿದ್ಯಾನಗರದ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದ ನನಗೆ, ಬೆಳಿಗ್ಗೆ ಎದ್ದ ಕೂಡಲೇ ಕಂಪ್ಯೂಟರ್ ಹಚ್ಚಿ, ನಮ್ಮ ಸಮುದಾಯದ ಜಾಲತಾಣದಲ್ಲಿ ಯಾರು ತೀರಿಕೊಂಡರೆಂದು ನೋಡುವ ಅಭ್ಯಾಸವಿದೆ. ನಮ್ಮಲ್ಲಿ ಮದುವೆಗೆ ಹೋಗದವನನ್ನು ಕ್ಷಮಿಸುತ್ತಾರೆ, ಅಂತ್ಯಸಂಸ್ಕಾರಕ್ಕೆ ಹೋಗದವನನ್ನು ಕ್ಷಮಿಸುವುದಿಲ್ಲ. ಆ ಪ್ರತಿಯೊಂದು ನಿಧನವಾರ್ತೆಯ ಕೆಳಗೂ ತಾವು ತಮ್ಮ ಸಹೋದರರೊಡನೆ ಸಾಲಾಗಿ ನಿಂತು, ಮೃತರನ್ನು 'ಮೆಚ್ಚಿಕೊಳ್ಳಿ', 'ನಂತರ ಓದಲು ಉಳಿಸಿ', 'ಹಿಂಬಾಲಿಸಿ' ಎಂದು ವಿನಯದಿಂದ ಕೇಳಿಕೊಳ್ಳುತ್ತೀರಿ. ಮೃತರನ್ನು ಹಿಂಬಾಲಿಸುವ ಆತುರ ನನಗಿನ್ನೂ ಇಲ್ಲವಾದ್ದರಿಂದ, ನಾನು ಯಾವಾಗಲೂ ತಮ್ಮನ್ನೇ ಒತ್ತುತ್ತಿದ್ದೆ.

ಕಳೆದ ಮಂಗಳವಾರ ಬೇಳದ ಹಿರಿಯರೊಬ್ಬರು ತೀರಿಕೊಂಡ ಸುದ್ದಿಯನ್ನು ಹೀಗೆಯೇ ಹಂಚಿದಾಗ, ಅದಕ್ಕೊಂದು ಫೋಟೋ ಇಲ್ಲದ್ದನ್ನು ಕಂಡು ತಮ್ಮ ಉದಾರ ಮನಸ್ಸು ಮರುಗಿರಬೇಕು. ಮಗಳು ಶಾಲೆಟ್‌ಳ ಮದುವೆಯಲ್ಲಿ ನಾನು ಕೋಟು ತೊಟ್ಟು ನಗುತ್ತಿರುವ, ನನ್ನ ಖಾತೆಯ ಫೋಟೋವನ್ನೇ ತೆಗೆದು 'ನಿಧನ' ಎಂಬ ದಪ್ಪ ಅಕ್ಷರಗಳ ಮೇಲೆ ಕೂರಿಸಿದಿರಿ, ಮತ್ತು ಸತ್ತವರ ಹೆಸರನ್ನು 'ಇನ್ನಷ್ಟು ಓದಿ' ಎಂಬುದರ ಹಿಂದೆ ಜೋಪಾನವಾಗಿ ಅಡಗಿಸಿದಿರಿ. ಇನ್ನಷ್ಟು ಓದುವವರು ಯಾರಿದ್ದಾರೆ? ದೋಹಾದಲ್ಲಿರುವ ಸೋದರಳಿಯ ಜೋಯ್‌ಸ್ಟನ್ ಅಳುತ್ತಲೇ ಅದನ್ನು ಮತ್ತೆ ಹಂಚಿದನಂತೆ. ನನ್ನ ನಿವೃತ್ತಿಯ ಫೋಟೋವನ್ನು ಹೆಂಡತಿ ವೆರೊನಿಕಾ ಒಬ್ಬಳೇ ಮೆಚ್ಚಿದ್ದಳು. ನನ್ನ ಸಾವನ್ನು ಇಗರ್ಜಿಯಲ್ಲಿ ಪ್ರಾರ್ಥನೆಗೆ ಹಾಡುವ ಗಾಯನಮಂಡಳಿಯವರೆಲ್ಲ ಮೆಚ್ಚಿದರು. ಖಜಾನೆಯವರು ವರ್ಷಕ್ಕೊಮ್ಮೆ ನನ್ನನ್ನು ಎದುರಿಗೆ ಕರೆಸಿ, ಬದುಕಿದ್ದೇನೆಂದು ಕಣ್ಣಾರೆ ಕಂಡೇ ಪಿಂಚಣಿ ಕೊಡುತ್ತಾರೆ. ತಾವು ನನಗೆ ಅಷ್ಟು ತೊಂದರೆಯನ್ನೂ ಕೊಡಲಿಲ್ಲ.

ಇನ್ನು ನನ್ನ ಗೆಳೆಯ ವಾಸಪ್ಪನ ವಿಷಯ. ನಮಗೆ ಒಂದೇ ಕಚೇರಿ, ಒಂದೇ ಬಸ್ಸು, ಬಸ್ಸಿನಲ್ಲೂ ಅಕ್ಕಪಕ್ಕದ ಸೀಟು. ನಿವೃತ್ತಿಯಾದ ಮೇಲೆ ಅವನು ದಿನಾ ಬೆಳಿಗ್ಗೆ ಗುಲಾಬಿ ಹೂವಿನ ಮೇಲೆ 'ಶುಭೋದಯ' ಎಂದು ಬರೆದ ಚಿತ್ರಗಳನ್ನು ನನ್ನ ಖಾತೆಯ ಪುಟದಲ್ಲಿ ರಾಶಿ ಹಾಕತೊಡಗಿ, ಆ ಹೂಗಳಡಿಯಲ್ಲಿ ನಿಧನವಾರ್ತೆಗಳು ಕಾಣದಾದಾಗ, ನಾನು ಸದ್ದಿಲ್ಲದೆ ಅವನನ್ನು ಹಿಂಬಾಲಿಸುವುದನ್ನು ನಿಲ್ಲಿಸಿದೆ. ತಮ್ಮ ಕರ್ತವ್ಯನಿಷ್ಠ ಸಹೋದರರು ಕೂಡಲೇ ಅವನಿಗೆ ವರದಿ ಒಪ್ಪಿಸಿದರು. ಅಲ್ಲಿಂದ ಒಂದು ವರ್ಷ ಅವನು ನನ್ನೊಡನೆ ಮಾತಾಡಲಿಲ್ಲ. ವೆರೊನಿಕಾ ಮತ್ತು ಅವನ ಹೆಂಡತಿ ಕಿನ್ನಿ ಎಂದಿನಂತೆ ಪತ್ರೊಡೆ, ಮೀನುಸಾರು ಕೊಟ್ಟು ತೆಗೆದುಕೊಂಡು ಇದ್ದರು. ನಾವು ಗಂಡಸರು ಮಾತ್ರ ಕಾಸರಗೋಡಿನ ಬಸ್ಸಿಗೆ ಕಾಯುವಾಗ ನಿಲ್ದಾಣದ ಎರಡು ತುದಿಗಳಲ್ಲಿ ನಿಂತು ಆಕಾಶ ನೋಡುತ್ತಿದ್ದೆವು. ಆ ವರ್ಷ ನನಗೆ ಬಹಳ ಬೇಸರದ್ದಾಗಿತ್ತು ಮಾನ್ಯರೇ.

ಆ ಮಂಗಳವಾರ, ಪೇಟೆಯ ಮೀನಿನ ಅಂಗಡಿಯಲ್ಲಿ ನನ್ನ ಮರಣದ ಸುದ್ದಿ ಕೇಳಿದ ವಾಸಪ್ಪ, ಫೋನ್ ಮಾಡಿ ವಿಚಾರಿಸುವಷ್ಟು ತಾಳ್ಮೆಯೂ ಇಲ್ಲದೆ, ಏದುಸಿರು ಬಿಡುತ್ತಾ ನಮ್ಮ ಗೇಟು ದೂಡಿಕೊಂಡು ಬಂದಾಗ ನಾನು ಅಂಗಳದಲ್ಲಿ ಸ್ಕೂಟರ್ ತೊಳೆಯುತ್ತಿದ್ದೆ. "ಎಂತ ಮಾರಾಯ, ನೀನು ಸಾಯ್ಲಿಲ್ವಾ?" ಎಂದು ಅವನು ಗದರಿದ. "ನಿನ್ನತ್ರ ಹೇಳದೆ ಸಾಯ್ತೇನಾ?" ಎಂದೆ. ಅಷ್ಟಕ್ಕೆ ಅವನು ಮೆಟ್ಟಿಲ ಮೇಲೆ ಕುಸಿದು ಕುಳಿತು ಗಟ್ಟಿಯಾಗಿ ಅತ್ತ. ನಾನೂ ಅತ್ತೆ. ವೆರೊನಿಕಾ ಇಬ್ಬರಿಗೂ ಬೈದು ಚಹಾ ಕೊಟ್ಟಳು.

ಆ ಸುದ್ದಿಯನ್ನು ನಾನು ಅಳಿಸಿದ್ದರೂ, ಊರವರು ಮರುಹಂಚಿದ ಪ್ರತಿಗಳಲ್ಲಿ ನಾನು ದಿನವೂ ಹೊಸದಾಗಿ ಸಾಯುತ್ತಿದ್ದೇನೆ. ಬಸ್ಸಿನ ಕಂಡಕ್ಟರ್ ನನಗೆ ಟಿಕೆಟ್ ಕೊಡಲು ಹಿಂದೆಮುಂದೆ ನೋಡುತ್ತಾನೆ. ಆದ್ದರಿಂದ ತಾವು ದಯವಿಟ್ಟು ತಮ್ಮ ಪಕ್ಕದಲ್ಲೇ 'ಎಬ್ಬಿಸಿ' ಎಂಬ ಬಟನ್ ಒಂದನ್ನು ನೇಮಿಸಬೇಕು, ಏಕೆಂದರೆ ಮೂರನೆಯ ದಿನ ತಾನಾಗಿ ಎದ್ದುಬರುವ ಸೌಲಭ್ಯ ಗುಮಾಸ್ತರಿಗೆ ಇಲ್ಲ. ಜೊತೆಗೆ, ವಾಸಪ್ಪನೊಡನೆ ಮಾತಿಲ್ಲದೆ ಹೋದ ಆ ಒಂದು ವರ್ಷವನ್ನು, ತಮ್ಮಲ್ಲಿ ಎಲ್ಲಾದರೂ ಉಳಿಸಿಟ್ಟಿದ್ದರೆ, ಹಿಂದಿರುಗಿಸಬೇಕೆಂದು ಬೇಡುತ್ತೇನೆ.

ಸದ್ಯಕ್ಕೆ ಉಸಿರಾಡುತ್ತಿರುವ ತಮ್ಮ ವಿಶ್ವಾಸಿ,
ಅಲ್ಫೋನ್ಸ್

ತಾ.ಕ.: ಇದನ್ನು ಮುಗಿಸುವಷ್ಟರಲ್ಲಿ ತಮ್ಮ ಕಡೆಯಿಂದ ವಿಚಾರಣೆಯೊಂದು ಬಂದಿದೆ: 'ವಾಸಪ್ಪ ಎಂಬವರು ನಿಮಗೆ ಪರಿಚಯವಿರಬಹುದೇ?' ಪರಿಚಯ ಉಂಟು ಮಾನ್ಯರೇ. ನನ್ನ ಶವಪೆಟ್ಟಿಗೆಗೆ ಹೆಗಲು ಕೊಡಲೆಂದು ಓಡಿ ಬಂದವನು.