ಎರಡು ಬಾಕ್ಸು, ಐದು ಪಾಕೀಟು

ಈಶ್ವರ ಮಾಸ್ತರರ ಮದುವೆ ಈ ಸಲ ಮುರಿದದ್ದು ಅಥಣಿ ಕಡೆಯ ದ್ರಾಕ್ಷಿಯಿಂದ.

ಪಾಲಬಾವಿಯ ಶಾಲೆಯಲ್ಲಿ ಗಣಿತ ಹೇಳುವ ಈ ಮನುಷ್ಯನಿಗೆ ಒಂದು ಚಟವಿತ್ತು. ಯಾವ ಸಂಖ್ಯೆಯನ್ನು ಕಂಡರೂ ತಿರುಗಿಸಿ ಬರೆದು, ಒಂದರಿಂದ ಇನ್ನೊಂದು ಶೇಷವಿಲ್ಲದೆ ಭಾಗವಾಗುತ್ತದೆಯೇ ಎಂದು ನೋಡುವುದು. 8712 ಅನ್ನು ತಿರುಗಿಸಿದರೆ 2178. ಅದರ ನಾಲ್ಕು ಪಟ್ಟೇ ಮೊದಲಿನದು. ನಾವು ಹತ್ತುಹತ್ತರ ಗುಂಪು ಮಾಡಿ ಎಣಿಸುವುದರಿಂದ ಇಂಥವು ಅಪರೂಪ, ಎಂಟೆಂಟರ ಅಥವಾ ಹನ್ನೊಂದು-ಹನ್ನೊಂದರ ಗುಂಪು ಮಾಡಿ ಎಣಿಸಿದರೆ ಬೇಗ ಸಿಗುತ್ತವೆ ಎಂದು ಕಂಡಕಂಡವರಿಗೆಲ್ಲ ಹೇಳುತ್ತಿದ್ದರು. ಹಿಂದಿನ ಸಂಬಂಧ ತಪ್ಪಿದ್ದೂ ಹುಡುಗಿಯ ಸೋದರಮಾವನಿಗೆ ಇದನ್ನು ಊಟದುದ್ದಕ್ಕೂ ವಿವರಿಸಿದ್ದರಿಂದಲೇ. ತಾಯಿ ಹೋದ ಮೇಲೆ ಮನೆ ಬಿಕೋ ಎನ್ನುತ್ತಿತ್ತು.

ಹೆಣ್ಣಿನವರು ಇವತ್ತು ಮನೆ ನೋಡಲು ಬರುವವರಿದ್ದರು. ಸದಲಗಾದ ದಲ್ಲಾಳಿ ರಾಜಾರಾಮ ಮಾಸ್ತರರ ವಯಸ್ಸು ಮೂವತ್ತನಾಲ್ಕು ಎಂದು ಹೇಳಿಟ್ಟಿದ್ದ. ಬೆಳಿಗ್ಗೆ ತಾನೇ ಬಂದು ಕೂದಲಿಗೆ ಬಣ್ಣ ಹಚ್ಚಿದ. ಬಣ್ಣ ಕಿವಿಗೂ ಹತ್ತಿತು. ಪಕ್ಕದ ಮನೆಯ ಗಿರಿಜವ್ವ ಅದನ್ನು ತಿಕ್ಕಿದ ರಭಸಕ್ಕೆ ಕಿವಿ ಹಣ್ಣು ಮೆಣಸಿನಕಾಯಿಯಾಯಿತು.

"ಇವತ್ತೊಂದಿನ ಲೆಕ್ಕದ ಮಾತ ಆಡಬ್ಯಾಡೋ ಯಪ್ಪಾ," ಎಂದಳು ಗಿರಿಜವ್ವ.

ಮಾಸ್ತರರು ತಾಯಿಯ ಫೋಟೋ ನೋಡಿ ತಲೆಯಾಡಿಸಿದರು.

ಹುಡುಗಿ ಸೀಮಾ ತಂದೆ ವಿರುಪಾಕ್ಷಪ್ಪನವರೊಂದಿಗೆ ಬಂದಳು. ಮನೆ ಹಿಡಿಸಿತು, ಚಹಾ ಹಿಡಿಸಿತು. ಕೆಂಪು ಕಿವಿಯನ್ನು ಅವರು ನಾಚಿಕೆ ಎಂದುಕೊಂಡರು. ವಿರುಪಾಕ್ಷಪ್ಪ ತಮ್ಮ ತೋಟದ ದ್ರಾಕ್ಷಿ ಇಳಿಸಿದರು.

"ಬಾಕ್ಸಿಗೆ ಎಂಟ ಪಾಕೀಟ ಕೂಡತಾವ್ರಿ. ಎರಡ ಬಾಕ್ಸ, ಮ್ಯಾಲ ಐದ ಬಿಡಿ ಪಾಕೀಟ ಅದಾವು."

ಮಾಸ್ತರರು ತುಟಿ ಕಚ್ಚಿದರು. ಗಿರಿಜವ್ವ ಕಣ್ಣು ಬಿಟ್ಟಳು, ರಾಜಾರಾಮ ಕೆಮ್ಮಿದ. ತಡೆಯಲಾಗಲಿಲ್ಲ. ಇವು ಇಪ್ಪತ್ತೊಂದು ಪಾಕೀಟು. ತಿರುಗಿಸಿ ಐದು ಬಾಕ್ಸು, ಎರಡು ಬಿಡಿ ಮಾಡಿದರೆ ಸೊಗಸಾಗುತ್ತದೆ ಎಂದುಬಿಟ್ಟರು.

"ಎಷ್ಟ ಆಗತಾವ್ರಿ?" ಎಂದಳು ಸೀಮಾ. ಇಷ್ಟು ವರ್ಷಗಳಲ್ಲಿ ಹಾಗೆ ಕೇಳಿದವಳು ಅವಳೊಬ್ಬಳೇ. ಮಾಸ್ತರರ ಮುಖ ಅರಳಿತು.

"ನಲವತ್ತೆರಡ್ರಿ. ಸರಿಯಾಗಿ ಎರಡ ಪಟ್ಟ. ನನ್ನ ವಯಸ್ಸೂ ಅಷ್ಟ ಐತಿ ನೋಡ್ರಿ."

ಹೆಣ್ಣಿನವರು ಚಪ್ಪಲಿ ಮೆಟ್ಟಿದರು. ಹೊರಗೆ ಹೋಗುವಾಗ ಸೀಮಾ ಒಮ್ಮೆ ತಿರುಗಿ ನೋಡಿದಳು.

ಅವರನ್ನು ಬಸ್ಸಿಗೆ ಹತ್ತಿಸಿ ಬಂದ ರಾಜಾರಾಮ ಕಟ್ಟೆಯ ಮೇಲೆ ಕುಸಿದ. ಸುಳ್ಳು ಹೇಳಿದ್ದಕ್ಕೆ ಸಿಟ್ಟಾದರೇ ಎಂದು ಮಾಸ್ತರರು ಕೇಳಿದರು.

"ನಿಮ್ಮ ವಯಸ್ಸ ಅವರಿಗೆ ಮೊದಲ ಗೊತ್ತಿತ್ರಿ. ಹುಡುಗಿದೂ ಎಂಟ ವರ್ಷ ಇಳಿಸೇ ಹೇಳಿದ್ರು, ಆಕಿಗೆ ಖರೆ ನಲವತ್ತ. ತನ್ನ ಗುಟ್ಟ ಬಾಯಾಗ ಹಿಡಿಯಲಾರದಾಂವ ನಮ್ಮ ಮಗಳ ಗುಟ್ಟ ಏನ ಹಿಡದಾನು ಅಂದ್ರು."

ಅವನೂ ಹೋದ. ಗಿರಿಜವ್ವ ಓಣಿಗೆ ಹಂಚಲು ದ್ರಾಕ್ಷಿ ಹೊತ್ತುಕೊಂಡು ಹೋದಳು. ಮಾಸ್ತರರು ಉಳಿದ ಒಂದು ಪಾಕೀಟು ಬಿಚ್ಚಿಕೊಂಡು ಕುಳಿತರು. ಸೀಮಾಳ ವಯಸ್ಸು ನಲವತ್ತು. ಬಾಕ್ಸಿಗೆ ಹನ್ನೊಂದು ಪಾಕೀಟಾದರೆ ಮೂರು ಬಾಕ್ಸು, ಏಳು ಬಿಡಿ. ತಿರುಗಿಸಿದರೆ ಏಳು ಬಾಕ್ಸು, ಮೂರು ಬಿಡಿ: ಎಂಬತ್ತು. ಇದೂ ಸರಿಯಾಗಿ ಎರಡು ಪಟ್ಟು.

ಅವರು ಸಡಗರದಿಂದ ತಲೆಯೆತ್ತಿದರು. ಹೇಳೋಣವೆಂದರೆ ಮನೆಯಲ್ಲಿ ಯಾರೂ ಇರಲಿಲ್ಲ.