ಮಾಸ್ತರರ ನೀಲಿ ದೀಪ

“ಇಡೀ ಓಣಿ ನನ್ನ ಬಾಗಲಿಗೆ ಬರಲಿಲ್ಲಂದ್ರ ನಾ ವಾದಿರಾಜನ ಅಲ್ಲ!” ಎಂದು ವಾದಿರಾಜ ಮಾಸ್ತರರು ಗೋಡೆಯ ಮೇಲಿನ ಹಲ್ಲಿಗೆ ಘೋಷಿಸಿದರು. ಕೇಳಲು ಮನೆಯಲ್ಲಿ ಬೇರಾರೂ ಇರಲಿಲ್ಲ.

ಶಿಗ್ಗಾವಿಯ ತಾಂತ್ರಿಕ ಶಾಲೆಗೆ ವರ್ಗವಾಗಿ ಬಂದಿದ್ದರು. ಹೆಂಡತಿ ಕೃಷ್ಣಾಬಾಯಿ ನೌಕರಿಯ ಸಲುವಾಗಿ ಧಾರವಾಡದಲ್ಲೇ ಉಳಿದಿದ್ದರು. ಓಣಿಯವರು ಎದುರಾದರೆ ‘ನಮಸ್ಕಾರ್ರಿ’ ಅನ್ನುತ್ತಿದ್ದರು, ಅಷ್ಟೇ. ಸಂಜೆಯಾದರೆ ಒಬ್ಬರೇ ಚಹಾ ಕಾಸಿ, ಒಬ್ಬರೇ ಕುಡಿದು, ಒಬ್ಬರೇ ಲೋಟ ತೊಳೆಯುವುದು. ಮಾತಾಡದೆ ಬಾಯಿಗೆ ತುಕ್ಕು ಹಿಡಿದಿತ್ತು.

ಅದು ಎಂಬತ್ತೆಂಟನೆಯ ಇಸವಿ. ಕಂಪ್ಯೂಟರಿನ ಹೆಸರನ್ನು ಊರು ಪೇಪರಿನಲ್ಲಷ್ಟೇ ಓದಿತ್ತು. ಮಾಸ್ತರರ ಮೇಜಿನ ಮೇಲೋ, ಸಾಕ್ಷಾತ್ ಕಂಪ್ಯೂಟರಿನ ಮರಿ, ಮೈಕ್ರೋಕಂಟ್ರೋಲರ್ ಕಿಟ್! ಅದಕ್ಕೆ ಶಾಖ ಅಳೆಯುವ ಸೆನ್ಸರ್ ಜೋಡಿಸಿ, ಬೀದಿ ಕಡೆಯ ಕಿಟಕಿಯಲ್ಲಿ ಮೂರು ಬಣ್ಣದ ಮೂರು ಝೀರೋ ಬಲ್ಬು ಸಿಕ್ಕಿಸಿದರು. ಇಪ್ಪತ್ತೈದು ಡಿಗ್ರಿಯೊಳಗೆ ನೀಲಿ, ಅಲ್ಲಿಂದ ಮೂವತ್ತೈದರವರೆಗೆ ಹಸಿರು, ಆಚೆಗೆ ಕೆಂಪು. ಕೀಲಿಗಳನ್ನು ಟಕಟಕ ಒತ್ತಿ ಲೆಕ್ಕವನ್ನೆಲ್ಲ ಅದರ ತಲೆಗೆ ತುಂಬಿದರು. ಬಣ್ಣ ಕಂಡವರು ‘ಇದೇನ್ರಿ ಮಾಸ್ತರ?’ ಎಂದು ಕೇಳಲೇಬೇಕಲ್ಲ! ಎರಡು ತಾಸು ವಿವರಿಸಲು ಅವರು ತಯಾರಾಗಿ ಕೂತರು.

ಏಪ್ರಿಲ್ ಸಂಜೆ. ಬನಿಯನ್ ಬೆನ್ನಿಗೆ ಅಂಟಿದೆ. ದೀಪ ಮಾತ್ರ ನೀಲಿ! ಮರುದಿನವೂ ನೀಲಿ. ವಾರ ಕಳೆದರೂ ಅದೇ ನೀಲಿ. ಮಾಸ್ತರರು ದಿನಾ ಎರಡು ಲೋಟ ತೆಗೆದಿಡುವರು. ಒಂದು ಒಣಗಿದ್ದಂತೆಯೇ ಗೋಡೆಯ ಗೂಡಿಗೆ ವಾಪಸ್ಸು. ಒಮ್ಮೆ ಎದುರು ಮನೆಯ ಹೊನ್ನವ್ವ ಮೆಟ್ಟಿಲವರೆಗೂ ಬಂದಳು, ಕಿಟಕಿ ನೋಡಿದಳು, ತುದಿಗಾಲಲ್ಲೇ ತಿರುಗಿ ಹೋದಳು. ಮಾಸ್ತರರಿಗೆ ನಿಜಕ್ಕೂ ಅಳು ಬಂತು.

ಕೊನೆಗೆ ಸಿಟ್ಟಿನಿಂದ ಕಿಟ್ ಬಿಚ್ಚಿ ಕೂತಾಗ ತಪ್ಪು ಸಿಕ್ಕಿತು. ಆ ಯಂತ್ರ ಎಣಿಸುವುದು ಹದಿನಾರರ ಲೆಕ್ಕದಲ್ಲಿ. ಇವರು ಒತ್ತಿದ ‘೨೫’ ಅದಕ್ಕೆ ಎರಡು ಹದಿನಾರು ಮತ್ತು ಐದು, ಅಂದರೆ ಮೂವತ್ತೇಳು! ಸಂಜೆಯ ಸೆಕೆ ಅಷ್ಟು ಏರದೆ ದೀಪ ನೀಲಿಯಲ್ಲೇ ನಿಂತಿತ್ತು. ವರ್ಷವಿಡೀ ಮಕ್ಕಳಿಗೆ ಕಲಿಸುವ ಪಾಠ! ನಾಚುತ್ತಲೇ ತಿದ್ದಿದರು. ಫಕ್ಕನೆ ಹಸಿರು ಹತ್ತಿತು.

“ಮಾಸ್ತರ, ಎದ್ದೀರೇನ್ರಿ?”

ಬಾಗಿಲಲ್ಲಿ ಬುಟ್ಟಿ ಹಿಡಿದ ಹೊನ್ನವ್ವ! ಹಿಂದೆ ಪಕ್ಕದ ಮನೆಯ ನಬೀಸಾಬ!

“ಹೊತ್ತು ಮುಳುಗೂದ್ರಾಗ ನೀಲಿ ಝೀರೋ ಬಲ್ಬ ಹಚ್ಚಿ ಮಲಗಿಬಿಡ್ತೀರಿ,” ಎಂದಳು ಹೊನ್ನವ್ವ. “ಮಲಗಿದವರನ್ನ ಎಬ್ಬಿಸಬಾರ್ದಂತ ದಿನಾ ತಿರುಗಿ ಹೋಗ್ತಿದ್ನ್ರಿ. ನಿಮಗಂತ ತಂದ ಮಾವಿನಹಣ್ಣ ಎಲ್ಲಾ ನಾವ ತಿಂದ್ವಿ. ಇವು ಕಡೀವು ನೋಡ್ರಿ.”

“ಅದು ಮಲಗೂ ದೀಪ ಅಲ್ರಿ! ಸೆಕಿ ಎಷ್ಟದ ಅಂತ ತೋರಸ್ತದ!”

ಹೊನ್ನವ್ವ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. “ಸೆಕಿ ಆಗೇತಿ ಅನ್ನಾಕ ದೀಪ ಬೇಕೇನ್ರಿ? ನಮ್ಮ ಕಟ್ಟಿ ಮ್ಯಾಲ ಬಂದು ಕುಂತಿದ್ರ ನಾವ ಹೇಳ್ತಿದ್ವಿ!”

ನಬೀಸಾಬ ಗಹಗಹಿಸಿ ನಕ್ಕ. ಎರಡು ತಾಸಿನ ವಿವರಣೆಯನ್ನು ಮಾಸ್ತರರು ಹಾಗೇ ನುಂಗಿಕೊಂಡರು. ಲೋಟ ಸಾಲದೆ ತಮ್ಮ ಚಹಾ ಬಟ್ಟಲಿಗೆ ಸುರಿದುಕೊಂಡರು. ಅಷ್ಟು ರುಚಿಯಾದ ಚಹಾ ಅವರು ಶಿಗ್ಗಾವಿಯಲ್ಲಿ ಕುಡಿದಿರಲಿಲ್ಲ.

ಹೊರಡುವಾಗ ಹೊನ್ನವ್ವ ಎಚ್ಚರಿಸಿದಳು: “ಮಲಗೂ ಮುಂದ ಮರೀದ ನೀಲಿ ಹಚ್ರಿ ಮತ್ತ. ಇಲ್ಲಾಂದ್ರ ಎಚ್ಚರ ಅದೀರಂತ ನಾವು ಬರ್ತಾನ ಇರ್ತೀವಿ!”

“ಆತ್ರಿ, ಹಚ್ತೇನಿ,” ಎಂದರು ಮಾಸ್ತರರು.

ನೆರೆಯವರು ಅತ್ತ ಹೋದದ್ದೇ ತಡ, ಸ್ಟೂಲು ಹತ್ತಿ ನೀಲಿ ಬಲ್ಬನ್ನು ಬಿಚ್ಚಿ ಟ್ರಂಕಿನ ತಳಕ್ಕೆ ಹಾಕಿಬಿಟ್ಟರು.